ಗಿರಣಿಯ ಕೂಗು ನಿಂತ ಮೇಲೆ

ಒಂದು ಊರಿನ ಒಂದು ಭಾಗದಲ್ಲಿ ಮೂರು ನಾಲ್ಕು ತಲೆಮಾರುಗಳಿಂದ ನಡೆದುಬಂದ ಕೈಗಾರಿಕೆ ನಿಂತುಹೋದರೆ ಅಲ್ಲಿಯ ಜನರು ಏನು ಮಾಡತಕ್ಕದ್ದು? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಸರ್ಕಾರದವರು ಏನಾದರೂ ಏರ್ಪಾಡು ಮಾಡಲಿ ಎಂಬುದು ಒಂದು. ಹಣವಂತರು ಯಾರಾದರೂ ಬಂದು ಆ ಸ್ಥಳದಲ್ಲಿ ಬೇರೊಂದು ಉದ್ಯಮವನ್ನು ಹೂಡಲಿ ಎಂಬುದು ಇನ್ನೊಂದು. ಇವೆರಡೂ ಅಲ್ಲದ ಮೂರನೆಯ ಮಾರ್ಗವೊಂದುಂಟು. ಆ ಭಾಗದ ನಿವಾಸಿಗಳೇ, ಕೆಲಸ ಕಳೆದುಕೊಂಡವರೂ ಅಂಗಡಿಯವರೂ ಗೃಹಿಣಿಯರೂ ಸೇರಿ, ತಮ್ಮಲ್ಲಿರುವ ಅಲ್ಪಸ್ವಲ್ಪ ಹಣವನ್ನೂ ಕೈಕಸುಬನ್ನೂ ಒಟ್ಟುಗೂಡಿಸಿ, ತಮ್ಮ ಜೀವನೋಪಾಯವನ್ನು ತಾವೇ ಮತ್ತೆ ಕಟ್ಟಿಕೊಳ್ಳುವುದು. ಇದು ಸಾಧ್ಯವೆ? ಸಾಧ್ಯವಾದರೆ ಯಾವ ಕೆಲಸಗಳಲ್ಲಿ, ಯಾವ ನಿಯಮಗಳಿಗೆ ಒಳಪಟ್ಟು ಸಾಧ್ಯ? ನಮ್ಮ ಬೆಂಗಳೂರಿನ ಹಳೆಯ ಬಡಾವಣೆಗಳನ್ನೇ ಕಣ್ಣ ಮುಂದಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿಚಾರಮಾಡೋಣ.

ಬೆಂಗಳೂರಿನ ಪೇಟೆ ಹುಟ್ಟಿದ್ದೇ ಕಸುಬುಗಳಿಂದ. ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂಬ ಹೆಸರುಗಳನ್ನು ಒಂದಾದ ಮೇಲೊಂದು ಹೇಳುತ್ತ ಹೋದರೆ ಸಾಕು, ಊರಿನ ಆರ್ಥಿಕ ಚರಿತ್ರೆಯ ಮೊದಲನೆಯ ಅಧ್ಯಾಯವನ್ನು ಓದಿದಂತಾಗುತ್ತದೆ. ನೇಯ್ಗೆಯವರು ಈ ಪೇಟೆಯ ಬಹು ಮುಖ್ಯವಾದ ಜನ. ಇವರ ಕೈಮಗ್ಗಗಳ ಪಕ್ಕದಲ್ಲಿ ಹಬೆಯ ಯಂತ್ರದ ಗಿರಣಿಗಳು ತಲೆಯೆತ್ತಿದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. 1884ರಲ್ಲಿ ಉಣ್ಣೆ, ಹತ್ತಿ, ರೇಷ್ಮೆಗಳ ಗಿರಣಿಯೊಂದು ಪೇಟೆಯ ಪಶ್ಚಿಮಕ್ಕೆ ಆರಂಭವಾಯಿತು. ಎರಡು ವರ್ಷಗಳ ಮೇಲೆ ಬಿನ್ನಿ ಕಂಪೆನಿಯವರು ಅದನ್ನು ವಹಿಸಿಕೊಂಡದ್ದರಿಂದ ಜನರ ಬಾಯಲ್ಲಿ ಅದು ಬಿನ್ನಿಮಿಲ್ಲು ಎಂದೇ ಆಯಿತು. ಅದೇ ಕಾಲದಲ್ಲಿ ಉತ್ತರ ದಿಕ್ಕಿಗೆ ಮೈಸೂರು ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಮಿಲ್ಲು, ಎಂದರೆ ರಾಜಾಮಿಲ್ಲು, ಸ್ಥಾಪಿತವಾಯಿತು. ಅನಂತರ ಮಾಗಡಿ ರಸ್ತೆಯ ಕಡೆಗೆ ಮಿನರ್ವಾ ಮಿಲ್ಲು ಬಂತು. ಚಾಮರಾಜಪೇಟೆ 1892ರಲ್ಲಿಯೂ, ಬಸವನಗುಡಿ ಮಲ್ಲೇಶ್ವರಗಳು 1898ರ ಪ್ಲೇಗಿನ ಆಸುಪಾಸಿನಲ್ಲಿಯೂ ಬೆಳೆದುಕೊಂಡುವು. ಈ ಬಡಾವಣೆಗಳನ್ನು ನಾವು ಗುಮಾಸ್ತರು, ವಕೀಲರು, ಉಪಾಧ್ಯಾಯರು ಇವರ ನೆಲೆಯೆಂದು ಎಣಿಸುವುದು ವಾಡಿಕೆ. ಆದರೆ ಅವುಗಳ ಅಂಚಿನಲ್ಲಿಯೇ ಸಾವಿರಾರು ಮಂದಿ ಗಿರಣಿಯ ಕೆಲಸಗಾರರು ಇದ್ದರು. ಬೆಳಗಿನ ಗಿರಣಿಯ ಕೂಗು ಉಭಯ ಪಕ್ಷದವರಿಗೂ ಗಡಿಯಾರವಾಗಿತ್ತು.

ಈ ಗಿರಣಿಗಳು ಏಕೆ ನಿಂತುವು ಎಂಬುದಕ್ಕೆ ಒಂದೇ ಕಾರಣವನ್ನು ಹೇಳಲಾಗುವುದಿಲ್ಲ. ಯಂತ್ರಗಳು ಹಳೆಯವಾದುವು, ಲಾಭ ಬಂದ ಕಾಲದಲ್ಲಿ ಅವನ್ನು ಬದಲಾಯಿಸಲಿಲ್ಲ. ಚಿಕ್ಕ ಚಿಕ್ಕ ಕೊಠಡಿಗಳಲ್ಲಿ ನಡೆಯುವ ವಿದ್ಯುಚ್ಛಕ್ತಿಯ ಮಗ್ಗಗಳು ಅದೇ ಬಟ್ಟೆಯನ್ನು ಕಡಮೆ ಖರ್ಚಿನಲ್ಲಿ ನೇಯ್ದು ಕೊಟ್ಟುವು. ಜನರು ಹತ್ತಿಯನ್ನು ಬಿಟ್ಟು ಕೃತಕ ನೂಲಿನ ಬಟ್ಟೆಗೆ ಒಲಿದರು. ಸಾಲ ಬೆಳೆಯಿತು. ಸರ್ಕಾರದವರು 1974ರ ಕಾನೂನಿನ ಮೂಲಕ ದೇಶದಲ್ಲಿ 103 ರುಗ್ಣ ಗಿರಣಿಗಳನ್ನು ರಾಷ್ಟ್ರೀಕರಣ ಮಾಡಿದಾಗ ಮಿನರ್ವಾ ಮಿಲ್ಲೂ ಅದರಲ್ಲಿ ಸೇರಿತು. ಅದರ ಮಾಲಿಕರು ಹೂಡಿದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ಕೊಟ್ಟ ತೀರ್ಪು, ರಾಜ್ಯಾಂಗದ ಮೂಲ ಸ್ವರೂಪವನ್ನು ಪಾರ್ಲಿಮೆಂಟೂ ಕೆಡಿಸಲಾಗದೆಂದು ಸಾರಿ, ಲೋಕಪ್ರಸಿದ್ಧವಾಯಿತು. ಕಾನೂನಿನ ವಿದ್ಯಾರ್ಥಿಗಳೆಲ್ಲರೂ ಮಿನರ್ವಾ ಮಿಲ್ಲಿನ ಹೆಸರನ್ನು ಬಲ್ಲರು; ಅಲ್ಲಿ ನೂಲು ತೆಗೆದವರ ಗತಿಯೇನಾಯಿತೆಂಬುದನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ತೀರ್ಪು ಉಳಿಯಿತು, ಗಿರಣಿ ಉಳಿಯಲಿಲ್ಲ. ಬಿನ್ನಿಮಿಲ್ಲು ಕೂಡ ಈ ಶತಮಾನದ ಆರಂಭದ ವರ್ಷಗಳ ಹೊತ್ತಿಗೆ ಮುಗಿದ ಕಥೆಯಾಯಿತು. 1936ರಲ್ಲಿ ಸ್ಥಾಪಿತವಾಗಿ ಮಲ್ಲೇಶ್ವರದ ಕಡೆ ವಿದ್ಯುದ್ದೀಪದ ಬುರುಡೆಗಳನ್ನು ಮಾಡುತ್ತಿದ್ದ ಮೈಸೂರು ಲ್ಯಾಂಪ್ ಕಾರ್ಖಾನೆಯೂ 2003ರಲ್ಲಿ ಬಾಗಿಲು ಹಾಕಿತು.

ನಾನು ಹುಡುಗನಾಗಿದ್ದಾಗ ನಮ್ಮ ವಠಾರದಲ್ಲಿ ಗಿರಣಿಯ ನೂಲುವ ಖಾತೆಯ ಹಿರಿಯರೊಬ್ಬರಿದ್ದರು. ಯಂತ್ರದ ಸದ್ದಿನ ವ್ಯತ್ಯಾಸದಿಂದಲೇ ಎಷ್ಟನೆಯ ಸಾಲಿನಲ್ಲಿ ಎಳೆ ಕಡಿದಿದೆಯೆಂದು ಹೇಳಬಲ್ಲೆನೆಂದು ಅವರು ನಮಗೆ ಹೇಳುತ್ತಿದ್ದರು, ನಾವು ನಗುತ್ತಿದ್ದೆವು. ಗಿರಣಿ ನಿಂತ ಮೇಲೆ ಅವರು ಬಹುಮಹಡಿ ಕಟ್ಟಡವೊಂದರ ಬಾಗಿಲಲ್ಲಿ ಕಾವಲುಗಾರರಾಗಿ ಕುಳಿತರು. ಅಲ್ಲಿ ಅವರ ಕೆಲಸವೆಂದರೆ ಬಂದುಹೋಗುವವರ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು. ಸಂಬಳ ಕಡಮೆಯಾಯಿತೆಂದು ಅವರು ದುಃಖಪಟ್ಟದ್ದನ್ನು ನಾನು ಕೇಳಿದ್ದೇನೆ. ಆದರೆ “ನನಗೆ ತಿಳಿದದ್ದನ್ನು ಕೇಳುವವರೇ ಇಲ್ಲವಲ್ಲಪ್ಪ” ಎಂದು ಒಂದು ದಿನ ಅವರು ನನ್ನೊಡನೆ ಹೇಳಿದ ಮಾತು ಅದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ನಿಂತಿದೆ. ಕೈಗಾರಿಕೆ ಸತ್ತಾಗ ಆಗುವ ನಷ್ಟಗಳಲ್ಲಿ ಇದು ಯಾವ ಲೆಕ್ಕದ ಪುಸ್ತಕದಲ್ಲಿಯೂ ಸೇರದ ನಷ್ಟ.

ಲೆಕ್ಕದಲ್ಲಿ ಸೇರುವ ನಷ್ಟವೂ ಮೇಲುನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ಇದನ್ನು ಒಂದು ಸಣ್ಣ ಗಣಿತದಿಂದ ತಿಳಿಯಬಹುದು. ಗಿರಣಿಯವನೊಬ್ಬನು ಸಂಬಳದ 100 ರೂಪಾಯಿಯನ್ನು ಮನೆಗೆ ತಂದನೆನ್ನೋಣ. ಅದರಲ್ಲಿ 60 ರೂಪಾಯಿಯನ್ನು ತನ್ನ ಬೀದಿಯ ದಿನಸಿ ಅಂಗಡಿ, ದರ್ಜಿ, ಹೋಟಲು ಇವುಗಳಿಗೆ ಕೊಡುತ್ತಾನೆ. ಅವರೂ ತಮಗೆ ಬಂದದ್ದರಲ್ಲಿ ನೂರಕ್ಕೆ 60ರಂತೆ ಅಲ್ಲಿಯೇ ಖರ್ಚುಮಾಡಿದರೆ 36 ರೂಪಾಯಿ, ಮುಂದೆ 21 ರೂಪಾಯಿ 60 ಪೈಸೆ, ಹೀಗೆ ಸುತ್ತುತ್ತ ಸುತ್ತುತ್ತ ಆ 100 ರೂಪಾಯಿ ಆ ಭಾಗದವರಿಗೆ ಒಟ್ಟು 250 ರೂಪಾಯಿಯ ವರಮಾನವನ್ನು ತಂದುಕೊಟ್ಟು ಮುಗಿಯುತ್ತದೆ. ಅದೇ 100 ರೂಪಾಯಿಯಲ್ಲಿ 20 ಮಾತ್ರ ಸ್ಥಳದಲ್ಲಿ ನಿಂತು 80 ಹೊರಕ್ಕೆ ಹರಿದರೆ ಒಟ್ಟು ವರಮಾನ 125 ರೂಪಾಯಿ. ಈ ಅಂಕಿಗಳು ದೃಷ್ಟಾಂತಕ್ಕೆ ಮಾತ್ರ. ತತ್ತ್ವ ಮಾತ್ರ ನಿಜ. ಒಂದು ಪೇಟೆಯ ಸಮೃದ್ಧಿ ಅಲ್ಲಿಗೆ ಎಷ್ಟು ಹಣ ಬರುತ್ತದೆಂಬುದರ ಮೇಲೆ ಎಷ್ಟು ನಿಂತಿದೆಯೋ, ಬಂದ ಹಣ ಅಲ್ಲಿ ಎಷ್ಟು ಸಲ ಕೈಬದಲಾಗುತ್ತದೆಂಬುದರ ಮೇಲೂ ಅಷ್ಟೇ ನಿಂತಿದೆ. ಗಿರಣಿ ನಿಂತಾಗ ಅದರ ಕೆಲಸಗಾರರು ಮಾತ್ರವಲ್ಲದೆ, ಉದ್ದರಿ ಕೊಟ್ಟ ಅಂಗಡಿಯವನೂ, ಚೀಟಿ ನಡೆಸುತ್ತಿದ್ದಾಕೆಯೂ, ಬೆಳಗಿನ ಪಾಳಿಯವರಿಗೆ ಇಡ್ಲಿ ಬೇಯಿಸುತ್ತಿದ್ದವರೂ ಕೆಳಗಿಳಿಯುವುದು ಈ ಕಾರಣದಿಂದ.

ಗಿರಣಿಗಳ ನೆಲದ ಮೇಲೆ ಅನಂತರ ಬಂದದ್ದೇನು? ರಾಜಾಮಿಲ್ಲಿನ ಸ್ಥಳದಲ್ಲಿ, ಸಂಪಿಗೆ ರಸ್ತೆಯ ತುದಿಯಲ್ಲಿ, 2010ರಲ್ಲಿ ದೊಡ್ಡದೊಂದು ಮಾಲ್ ತೆರೆಯಿತು; 2014ರಲ್ಲಿ ಅದರ ಮಗ್ಗುಲಿಗೆ ಮೆಟ್ರೋ ನಿಲ್ದಾಣವೂ ಬಂತು. ಬಿನ್ನಿಮಿಲ್ಲಿನ ನೆಲದಲ್ಲಿ ಎತ್ತರದ ವಸತಿಗೃಹಗಳೂ ಮಳಿಗೆಗಳೂ ಎದ್ದುವು. ಇದನ್ನು ಬರಿಯ ದುರಾಶೆಯೆಂದು ಹಳಿದು ಮುಗಿಸುವುದು ಅರ್ಥಶಾಸ್ತ್ರವಲ್ಲ. ಊರು ಬೆಳೆದು ಗಿರಣಿಯನ್ನು ಸುತ್ತುವರಿದ ಮೇಲೆ, ಅದರ ಕೆಳಗಿನ ನೆಲದ ಬೆಲೆ ಅದರೊಳಗಿನ ಯಂತ್ರದ ಬೆಲೆಯನ್ನು ಎಷ್ಟೋ ಮಡಿ ಮೀರಿತು. ನಷ್ಟದಲ್ಲಿ ನೂಲುವುದಕ್ಕಿಂತ ನೆಲವನ್ನು ಮಾರುವುದು ಲಾಭಕರವೆಂದು ಯಾವ ಲೆಕ್ಕಿಗನಾದರೂ ಹೇಳುವನು. ಹೊಸ ಕಟ್ಟಡಗಳಲ್ಲಿ ಕೆಲಸಗಳೂ ಹುಟ್ಟಿವೆ. ತರುಣ ತರುಣಿಯರು ಅಲ್ಲಿ ಮಾರಾಟಗಾರರಾಗಿ, ಲೆಕ್ಕ ಬರೆಯುವವರಾಗಿ ದುಡಿಯುತ್ತಿದ್ದಾರೆ. ಆದರೆ ಅಲ್ಲಿ ಮಾರುವ ಸರಕಿನಲ್ಲಿ ಬಹುಭಾಗ ಹೊರಗಿನದು, ಲಾಭ ಹೊರಗಿನದು, ಬಾಡಿಗೆ ಹೊರಗಿನವರದು. ಸ್ಥಳದಲ್ಲಿ ನಿಲ್ಲುವುದು ಕೂಲಿ ಮಾತ್ರ. ಮೇಲಿನ ಲೆಕ್ಕದಲ್ಲಿ ಇದು 250ರ ಪಕ್ಷಕ್ಕಲ್ಲ, 125ರ ಪಕ್ಷಕ್ಕೆ ಸೇರತಕ್ಕ ವ್ಯಾಪಾರ.

ಹಾಗಾದರೆ ಸ್ಥಳದ ಜನರೇ ಸೇರಿ ಮಾಡುವ ಪ್ರಯತ್ನಕ್ಕೆ ನಮ್ಮಲ್ಲಿ ಪೂರ್ವಾಚಾರವೇನಾದರೂ ಇದೆಯೆ ಎಂದರೆ, ಧಾರಾಳವಾಗಿ ಇದೆ. ಇಂಗ್ಲೆಂಡಿನ ರಾಕ್‌ಡೇಲ್ ಎಂಬ ಬಟ್ಟೆಗಿರಣಿಯ ಊರಿನಲ್ಲಿ, ನೇಕಾರರೂ ಇತರ ಕಸುಬಿನವರೂ ಸೇರಿದ 28 ಮಂದಿ, ವಾರಕ್ಕೆ ಕೆಲವು ಪೆನ್ನಿಗಳಂತೆ ಉಳಿಸಿ ತಲಾ ಒಂದು ಪೌಂಡು ಸೇರಿಸಿ, 1844ರ ಡಿಸೆಂಬರ್ 21ರಂದು ಒಂದು ಚಿಕ್ಕ ಅಂಗಡಿಯನ್ನು ತೆರೆದರು. ಹಿಟ್ಟು, ಸಕ್ಕರೆ, ಬೆಣ್ಣೆ ಮೊದಲಾದ ಕೆಲವೇ ಸರಕು. ಪಾಲು ಎಷ್ಟಿದ್ದರೂ ಒಬ್ಬನಿಗೆ ಒಂದೇ ಮತ, ಉದ್ದರಿ ಇಲ್ಲ, ಲಾಭವನ್ನು ಬಂಡವಾಳಕ್ಕೆ ತಕ್ಕಂತಲ್ಲ, ಕೊಂಡ ಸರಕಿಗೆ ತಕ್ಕಂತೆ ಹಂಚತಕ್ಕದ್ದು. ಈ ಮೂರು ನಿಯಮಗಳು ಲೋಕದ ಸಹಕಾರ ಚಳವಳಿಗೆ ತಳಹದಿಯಾದುವು. ಕನ್ನಡನಾಡಿನಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ 1905ರ ಮೇ 8ರಂದು ರೈತರ ಪತ್ತಿನ ಸಹಕಾರ ಸಂಘ ಹುಟ್ಟಿತು. ಅದೇ 1905ರಲ್ಲಿ ಮೈಸೂರು ಸಂಸ್ಥಾನದ ಸಹಕಾರ ಶಾಸನವು ಜಾರಿಗೆ ಬಂತು. ಎರಡು ವರ್ಷಗಳ ಮೇಲೆ, 1907ರಲ್ಲಿ, ಬೆಂಗಳೂರು ಸಿಟಿ ಸಹಕಾರಿ ಬ್ಯಾಂಕು ಆರಂಭವಾಯಿತು. ಚಾಮರಾಜಪೇಟೆಯ ಪಂಪಮಹಾಕವಿ ರಸ್ತೆಯಲ್ಲಿ ಅದರ ಕಚೇರಿಯನ್ನು ನೋಡದವರು ಈ ಭಾಗದಲ್ಲಿ ಕಡಮೆ. ನಮ್ಮ ಅಜ್ಜಂದಿರು ಬಡ್ಡಿಯ ಸಾಹುಕಾರರಿಂದ ತಪ್ಪಿಸಿಕೊಳ್ಳಲು ಕಂಡುಕೊಂಡ ಉಪಾಯವಿದು: ಹತ್ತು ಮನೆಗಳ ಪುಡಿಗಾಸು ಒಂದು ಪೆಟ್ಟಿಗೆಯಲ್ಲಿ ಸೇರಿದರೆ ಹನ್ನೊಂದನೆಯ ಮನೆಯವನಿಗೆ ಬಂಡವಾಳವಾಗುತ್ತದೆ.

ಸಾಲ ಕೊಡುವುದು ಒಂದು. ಕೆಲಸ ಹೋದವರು ಸೇರಿ ಕೆಲಸವನ್ನೇ ಸೃಷ್ಟಿಸಿಕೊಳ್ಳುವುದು ಮತ್ತೊಂದು. ಎರಡನೆಯದಕ್ಕೆ ಉತ್ತಮ ನಿದರ್ಶನ ಬೆಂಗಳೂರಿನಲ್ಲಿಯೇ ದೊರೆಯುತ್ತದೆ. ಸ್ವದೇಶದಲ್ಲಿ ಕಾಫಿಯ ಬಳಕೆಯನ್ನು ಹೆಚ್ಚಿಸಬೇಕೆಂದು 1936ರಿಂದ ಊರೂರುಗಳಲ್ಲಿ ಇಂಡಿಯಾ ಕಾಫಿ ಹೌಸ್ ಎಂಬ ಉಪಾಹಾರಗೃಹಗಳು ತೆರೆದಿದ್ದುವು. ಅನಂತರ ಅವು ಕಾಫಿ ಮಂಡಳಿಯ ಆಡಳಿತಕ್ಕೆ ಬಂದುವು. 1950ರ ದಶಕದ ನಡುವಿನಲ್ಲಿ ಮಂಡಳಿಯವರು ಇವನ್ನು ಮುಚ್ಚಲು ನಿಶ್ಚಯಿಸಿದರು. ಬಡಿಸುವವರು, ಅಡಿಗೆಯವರು, ಪಾತ್ರೆ ತೊಳೆಯುವವರು ಬೀದಿಗೆ ಬೀಳುವ ಹಾಗಾಯಿತು. ಕಮ್ಯುನಿಸ್ಟ್ ನಾಯಕರಾದ ಎ. ಕೆ. ಗೋಪಾಲನ್ ಅವರು ಆ ಕೆಲಸಗಾರರಿಗೆ ಕೊಟ್ಟ ಸಲಹೆ, ಮುಚ್ಚಬೇಡಿರೆಂದು ಬೇಡುತ್ತ ಕೂರಬೇಡಿರಿ, ನೀವೇ ಸಂಘವಾಗಿ ನಡೆಸಿರಿ ಎಂಬುದಾಗಿತ್ತು. ಅದರಂತೆ ಇಂಥ ಸಹಕಾರ ಸಂಘಗಳಲ್ಲಿ ಮೊದಲನೆಯದು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ದೆಹಲಿಯವರೂ ಕೇರಳದವರೂ ಮುಂತಾದವರು ಅದನ್ನು ಹಿಂಬಾಲಿಸಿದರು. ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಈ ಸಂಘದ ಕಾಫಿ ಹೌಸು 50 ವರ್ಷ ನಡೆಯಿತು. 2009ರಲ್ಲಿ ಆ ಕಟ್ಟಡವನ್ನು ಬಿಡಬೇಕಾಗಿ ಬಂದಾಗ ಊರಿನ ಎಷ್ಟೋ ಮಂದಿ ಬಂಧುವನ್ನು ಬೀಳ್ಕೊಟ್ಟಂತೆ ಕೊನೆಯ ಲೋಟವನ್ನು ಕುಡಿದು ಬಂದರು. ಅನಂತರ ಅದು ಚರ್ಚ್ ಸ್ಟ್ರೀಟಿನಲ್ಲಿ ನೆಲೆಕೊಂಡಿತು. ಒಡೆಯನು ಬೇಡವೆಂದು ಬಿಟ್ಟ ಉದ್ಯಮವನ್ನು ಕೆಲಸಗಾರರು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ನಡೆಸಿಕೊಂಡು ಬಂದರೆಂಬುದು ಸಾಮಾನ್ಯ ಸಂಗತಿಯಲ್ಲ.

ಇದಕ್ಕಿಂತ ದೊಡ್ಡ ಪ್ರಮಾಣದ ನಿದರ್ಶನವೊಂದು ನಮ್ಮ ಗಡಿಯ ಆಚೆ ಈಚೆ ನಡೆಯಿತು. ಕಣ್ಣೂರಿನ ಸುತ್ತಿನಲ್ಲಿ ಬೀಡಿ ಕಟ್ಟುವವರು ಸಾವಿರಾರು. ಅವರಿಗೆ ಕೆಲಸ ಕೊಡುತ್ತಿದ್ದವರಲ್ಲಿ ಮುಖ್ಯರು ಮಂಗಳೂರಿನ ವ್ಯಾಪಾರಸ್ಥರು. ಬೀಡಿ ಕೆಲಸಗಾರರ ಕೂಲಿ, ರಜ, ಕೆಲಸದ ಸ್ಥಳ ಇವುಗಳ ರಕ್ಷಣೆಗೆಂದು 1966ರಲ್ಲಿ ಕೇಂದ್ರ ಶಾಸನವೊಂದಾಯಿತು. ಕೇರಳ ಸರ್ಕಾರದವರು 1968ರಲ್ಲಿ ಇದನ್ನು ಆಚರಣೆಗೆ ತಂದಾಗ, ಶಾಸನವು ಇನ್ನೂ ಆಚರಣೆಗೆ ಬಾರದಿದ್ದ ಕಡೆಗೆ ಮಾಲಿಕರು ಕೆಲಸವನ್ನು ಸಾಗಿಸಿದರು. ಸುಮಾರು 12,000 ಮಂದಿ ಏಕಕಾಲಕ್ಕೆ ನಿರುದ್ಯೋಗಿಗಳಾದರು. 1969ರ ಫೆಬ್ರವರಿಯಲ್ಲಿ ಇವರು ಸರ್ಕಾರದ ಸಾಲದ ನೆರವಿನಿಂದ ಕೇರಳ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿದರು. ಇದರ ರಚನೆ ಗಮನಿಸತಕ್ಕದ್ದು. ಊರೂರಿನ ಪ್ರಾಥಮಿಕ ಸಂಘಗಳು ಬೀಡಿ ಕಟ್ಟುತ್ತವೆ. ಕೇಂದ್ರ ಸಂಘವು ಎಲೆಯನ್ನೂ ಹೊಗೆಸೊಪ್ಪನ್ನೂ ಸಗಟಾಗಿ ಕೊಂಡು ಹಂಚಿ, ಸಿದ್ಧವಾದ ಸರಕನ್ನು ಒಂದೇ ಗುರುತಿನಿಂದ ಮಾರುತ್ತದೆ. ಕೈಕೆಲಸ ಹರಡಿಕೊಂಡಿರಬಹುದು, ಕೊಳ್ಳುವುದೂ ಮಾರುವುದೂ ಮಾತ್ರ ಒಂದು ಕಡೆ ಸೇರಬೇಕು ಎಂಬುದೇ ಇದರ ಗುಟ್ಟು. ಕೆಲಸದ ಹೊತ್ತಿನಲ್ಲಿ ಒಬ್ಬನು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರೆ ಉಳಿದವರು ಬೀಡಿ ಕಟ್ಟುತ್ತ ಕೇಳುವ ಪದ್ಧತಿ ಆ ಭಾಗದ ಬೀಡಿ ಶಾಲೆಗಳಲ್ಲಿ ಮೊದಲಿನಿಂದಲೂ ಇತ್ತು. ಲೆಕ್ಕಪತ್ರಗಳನ್ನು ಪ್ರಶ್ನಿಸಬಲ್ಲ ಸದಸ್ಯರು ಇಂಥ ಶಾಲೆಗಳಲ್ಲಿ ತಯಾರಾದರು. ಏಳಿಗೆಯ ಕಾಲದಲ್ಲಿ ಈ ಸಂಘಗಳಲ್ಲಿ ಸುಮಾರು 42,000 ಮಂದಿಗೆ ಕೆಲಸವಿತ್ತು.

ಮುಂದೆ ಧೂಮಪಾನ ಇಳಿಮುಖವಾಯಿತು. ಅದು ಆರೋಗ್ಯಕ್ಕೆ ಒಳ್ಳೆಯದೇ. ಬೀಡಿಯನ್ನೇ ನೆಚ್ಚಿದರೆ ಉಳಿಗಾಲವಿಲ್ಲವೆಂದು ಕಂಡು, ಸಂಘದವರು 1990ರ ದಶಕದ ಕೊನೆಯಿಂದ ತೆಂಗಿನಹಾಲು ಮೊದಲಾದ ಆಹಾರಪದಾರ್ಥಗಳು, ಕೊಡೆ, ಉಡುಪು ಇವುಗಳ ತಯಾರಿಕೆಗೆ ಕೈಹಾಕಿದರು. ಸದಸ್ಯರ ಸಂಖ್ಯೆ ಬಹಳ ಕುಗ್ಗಿದೆಯೆಂಬುದು ನಿಜ. ಆದರೆ ಒಂದು ಕೈಗಾರಿಕೆ ಮುಗಿಯುವುದಕ್ಕೆ ಮುಂಚೆಯೇ ಅದರ ಹಣದಿಂದ ಮತ್ತೊಂದನ್ನು ಬೆಳೆಸಲು ಯತ್ನಿಸಿದರಲ್ಲ, ನಮ್ಮ ಗಿರಣಿಗಳ ಒಡೆಯರು ಸಕಾಲದಲ್ಲಿ ಮಾಡದೆ ಬಿಟ್ಟ ಕೆಲಸ ಅದೇ.

ಹಾಗಿದ್ದರೆ ಬೆಂಗಳೂರಿನ ಗಿರಣಿಗಳನ್ನೂ ಕೆಲಸಗಾರರೇ ವಹಿಸಿಕೊಳ್ಳಬಹುದಾಗಿತ್ತಲ್ಲವೆ ಎಂದು ಕೇಳಬಹುದು. ಮುಂಬಯಿಯ ಕುರ್ಲಾದಲ್ಲಿ ಕಮಾನಿ ಟ್ಯೂಬ್ಸ್ ಎಂಬ ಲೋಹದ ಕೊಳವೆಗಳ ಕಾರ್ಖಾನೆಯನ್ನು 1988ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಪ್ಪಿಗೆಯ ಮೇಲೆ ಕೆಲಸಗಾರರ ಸಹಕಾರ ಸಂಘವು ವಹಿಸಿಕೊಂಡಿತು. ಕೆಲವು ವರ್ಷ ಅದು ಚೆನ್ನಾಗಿಯೇ ನಡೆದು, ಅನಂತರ ಪುನಃ ಕಷ್ಟಕ್ಕೆ ಸಿಕ್ಕಿತು. ಕಾಫಿಗೂ ಬೀಡಿಗೂ ಒಗ್ಗಿದ ಉಪಾಯ ಕೊಳವೆಗೂ ನೂಲಿಗೂ ಒಗ್ಗುವುದು ಕಷ್ಟವೇಕೆಂದರೆ, ಕಾಫಿಗೆ ಬೇಕಾದದ್ದು ಒಲೆ, ಪಾತ್ರೆ, ಕೈಗುಣ. ಬೀಡಿಗೆ ಬೇಕಾದದ್ದು ಮೊರ, ಕತ್ತರಿ, ಬೆರಳ ಚುರುಕು. ಗಿರಣಿಗೆ ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕು, ತಿಂಗಳುಗಟ್ಟಲೆ ಮುಂಗಡ ಹಣ ಬೇಕು. ಉಳಿತಾಯದಿಂದ ಹುಟ್ಟುವ ಬಂಡವಾಳ ಅಲ್ಲಿಯವರೆಗೆ ಮುಟ್ಟಲಾರದು. ಆದುದರಿಂದ ಸ್ಥಳೀಯರ ಸಹಕಾರ ಎಲ್ಲಿ ಫಲಿಸುತ್ತದೆಂಬುದಕ್ಕೆ ಒಂದು ಸಾಮಾನ್ಯ ನಿಯಮವನ್ನು ಹೀಗೆ ಹೇಳಬಹುದು: ಯಾವ ಕಸುಬಿನಲ್ಲಿ ಬೆಲೆಯ ಬಹುಭಾಗ ಯಂತ್ರದಿಂದಲ್ಲದೆ ಮನುಷ್ಯನ ಕೈಯಿಂದ ಬರುತ್ತದೆಯೋ, ಯಾವುದಕ್ಕೆ ಕೊಳ್ಳುವವರು ಹತ್ತಿರದಲ್ಲಿಯೇ ಇದ್ದಾರೆಯೋ, ಅದರಲ್ಲಿ ಆರಂಭಿಸತಕ್ಕದ್ದು.

ಈ ನಿಯಮವನ್ನು ಹಿಡಿದುಕೊಂಡು ನಮ್ಮ ಬಡಾವಣೆಗಳನ್ನು ಸುತ್ತಿ ಬಂದರೆ ನಿರಾಶೆಗೆ ಕಾರಣವಿಲ್ಲ. ಪೇಟೆಯಲ್ಲಿ ರೇಷ್ಮೆಯ ಸೀರೆ ನೇಯುವವರ ಕೈಗುಣ ಪೂರ್ತಿ ಅಳಿದಿಲ್ಲ. ಚಾಮರಾಜಪೇಟೆಯ ಆಸುಪಾಸಿನಲ್ಲಿ ಅಚ್ಚುಕೂಟದವರೂ ಪುಸ್ತಕದ ರಟ್ಟು ಕಟ್ಟುವವರೂ ಇದ್ದಾರೆ. 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು ಇರುವುದೂ ಅಲ್ಲಿಯೇ. ಊದಿನಕಡ್ಡಿ ಹೊಸೆಯುವ ಹೆಂಗಸರು, ಹೂ ಕಟ್ಟುವವರು, ಹಪ್ಪಳ ಸಂಡಿಗೆ ಪುಡಿಗಳನ್ನು ಮಾಡುವವರು ಮನೆಮನೆಯಲ್ಲಿ ಇದ್ದಾರೆ. ಇವರೆಲ್ಲರ ಕಷ್ಟ ಒಂದೇ. ಕಚ್ಚಾ ಸಾಮಾನನ್ನು ಚಿಲ್ಲರೆಯ ಬೆಲೆಗೆ ಕೊಳ್ಳುತ್ತಾರೆ; ಮಾಡಿದ ಸರಕನ್ನು ಮಧ್ಯಸ್ಥನು ಹೇಳಿದ ಬೆಲೆಗೆ ಮಾರುತ್ತಾರೆ. 1959ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು, ಮನೆಯ ಮಾಳಿಗೆಯ ಮೇಲೆ ಹಪ್ಪಳ ಒತ್ತಿ, ಲಿಜ್ಜತ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಇಂದು ಅದರ ಹೆಸರನ್ನು ಕೇಳದ ಅಡಿಗೆಮನೆ ಇಲ್ಲ. ಹಪ್ಪಳವನ್ನು ಒತ್ತುವುದು ನಮ್ಮ ತಾಯಂದಿರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಒಂದೇ ತೂಕ, ಒಂದೇ ರುಚಿ, ಒಂದೇ ಹೆಸರು, ಕೂಡಿದ ಲೆಕ್ಕ ಇವು ನಮ್ಮಲ್ಲಿ ಸೇರಿಬರಲಿಲ್ಲ.

ಮಾರುವ ಸ್ಥಳವೂ ಬಂಡವಾಳದ ಒಂದು ಭಾಗವೆಂಬುದನ್ನು ಮರೆಯಕೂಡದು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಬೆಳೆದವರೂ ಹುರಿದು ಮಾರುವವರೂ ರಸ್ತೆಯ ಎರಡು ಬದಿಯಲ್ಲಿ ರಾಶಿ ಹಾಕಿಕೊಂಡು ಕುಳಿತರೆ, ಊರೆಲ್ಲ ಬಂದು ಸೇರುತ್ತದೆ. ಗಾಜಿನ ಕಟ್ಟಡವಿಲ್ಲ, ಜಾಹೀರಾತಿಲ್ಲ. ನಂಬಿಕೆಯೂ ಅಭ್ಯಾಸವೂ ಸೇರಿ ಸಂತೆಯನ್ನು ಹೂಡುತ್ತವೆ. ಗಾಂಧಿಬಜಾರಿನ ಹೂವಿನವರಿಗೂ, ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯ ಬೀದಿಬದಿಯವರಿಗೂ ಇದೇ ಆಧಾರ. ಬೀದಿಬದಿಯ ವ್ಯಾಪಾರಿಗಳ ವಿಷಯವಾದ 2014ರ ಶಾಸನವು, ನಗರದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಮೆಯಾಗದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕೆಂದೂ, ಅವರಲ್ಲಿ ಮೂರನೆಯ ಒಂದು ಪಾಲಾದರೂ ಹೆಂಗಸರಿರಬೇಕೆಂದೂ ವಿಧಿಸುತ್ತದೆ. ಬೀದಿಯನ್ನು ಅಂದಗೊಳಿಸುವ ಯೋಜನೆಗಳನ್ನು ಇಂಜಿನಿಯರು ಬರೆಯಬಹುದು. ಆ ಬೀದಿಯಲ್ಲಿ ಬೆಳಗಿನ ಐದು ಗಂಟೆಗೆ ಬುಟ್ಟಿ ಇಳಿಸುವಾಕೆಯನ್ನು ಕೇಳಿ ಬರೆದರೆ ಅದು ಹೆಚ್ಚು ಕಾಲ ಬಾಳುತ್ತದೆ.

ಇಷ್ಟು ಹೇಳಿ ಸಹಕಾರದ ಗುಣಗಾನದಲ್ಲಿಯೇ ಮುಗಿಸಿದರೆ ನಾನು ಸತ್ಯದ ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ. 2020ರ ಜನವರಿಯಲ್ಲಿ ಬಸವನಗುಡಿಯಲ್ಲಿಯೇ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನವರು ನಿರ್ಬಂಧವನ್ನು ಹಾಕಿದರು. ಠೇವಣಿ ಎಷ್ಟಿದ್ದರೂ 35,000 ರೂಪಾಯಿಗಿಂತ ಹೆಚ್ಚು ತೆಗೆಯಕೂಡದೆಂದು ಆಜ್ಞೆಯಾಯಿತು. ನಿವೃತ್ತರಾದ ಉಪಾಧ್ಯಾಯರು, ವಿಧವೆಯರು, ಮಗಳ ಮದುವೆಗೆಂದು ಹಣವಿಟ್ಟಿದ್ದವರು ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಂತ ದೃಶ್ಯವನ್ನು ಈ ಭಾಗದವರು ಮರೆಯಲಾರರು. ಮುಂದಿನ ತಿಂಗಳು, ಫೆಬ್ರವರಿ 4ರಿಂದ, ಠೇವಣಿಯ ವಿಮೆಯ ಮಿತಿಯನ್ನು ದೇಶಕ್ಕೆಲ್ಲ 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಇದು ರಕ್ಷಣೆ ಹೌದು. ಆದರೆ ಬಿದ್ದ ಮೇಲೆ ಹಿಡಿಯುವ ಬಲೆ. ಬೀಳದ ಹಾಗೆ ನೋಡಿಕೊಳ್ಳತಕ್ಕವರು ಯಾರು?

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಾನೂ ಒಂದು ಸಹಕಾರ ಸಂಘದ ಸದಸ್ಯ. ಕಾಲೇಜಿನಲ್ಲಿ ರಾಕ್‌ಡೇಲಿನ ನಿಯಮಗಳನ್ನು ವರ್ಷವರ್ಷವೂ ಪಾಠಹೇಳುತ್ತೇನೆ. ಆದರೆ ಹದಿನೈದು ವರ್ಷಗಳಲ್ಲಿ ಸಂಘದ ವಾರ್ಷಿಕ ಮಹಾಸಭೆಗೆ ನಾನು ಹೋದದ್ದು ಎರಡೇ ಸಲ. ಅದರಲ್ಲಿ ಒಂದು ಸಲ, ಸದಸ್ಯರಿಗೆ ಸ್ಟೀಲಿನ ಡಬ್ಬಿಯನ್ನು ಕೊಡುತ್ತಾರೆಂದು ಮನೆಯವರು ಕಳುಹಿಸಿದ್ದರಿಂದ. ಅಂದು ಅಚ್ಚಾದ ಲೆಕ್ಕಪತ್ರವನ್ನು ಮಡಿಸಿ ಆ ಡಬ್ಬಿಯೊಳಕ್ಕೇ ಹಾಕಿಕೊಂಡು ಬಂದೆ. ನನ್ನ ಸುತ್ತ ಕುಳಿತವರೂ ಹಾಗೆಯೇ ಮಾಡಿದರು. ಪತ್ರಿಕೆಯನ್ನು ಓದಿಸಿ ಕೇಳುತ್ತ ಬೀಡಿ ಕಟ್ಟುತ್ತಿದ್ದವರಿಗೂ, ಪದವಿಗಳನ್ನು ಪಡೆದ ನಮಗೂ ಇರುವ ಅಂತರವನ್ನು ಆ ಡಬ್ಬಿ ಅಳೆದು ತೋರಿಸುತ್ತದೆ. ಸಂಘವನ್ನು ಕೆಡಿಸುವವರು ಹಣ ತಿಂದವರು ಮಾತ್ರವಲ್ಲ; ಲೆಕ್ಕವನ್ನು ಕೇಳದೆ ಬಂದವರೂ ಅದರಲ್ಲಿ ಪಾಲುಗಾರರು.

ಆದುದರಿಂದ ಒಂದು ಬೀದಿಯವರು ಸೇರಿ ಏನನ್ನಾದರೂ ಆರಂಭಿಸಬೇಕೆಂದಿದ್ದರೆ ನೆನಪಿಡತಕ್ಕ ಅಂಶಗಳು ನಾಲ್ಕು. ಮೊದಲನೆಯದಾಗಿ, ಈಗಾಗಲೇ ಕೈಯಲ್ಲಿರುವ ಕಸುಬಿನಿಂದ ತೊಡಗಬೇಕು. ಹೊಸ ವಿದ್ಯೆಯನ್ನು ಕಲಿತು ಹೊಸ ಮಾರುಕಟ್ಟೆಯನ್ನು ಹುಡುಕುವ ಎರಡು ಸಾಹಸಗಳನ್ನು ಒಂದೇ ಸಲ ಮಾಡಕೂಡದು. ಎರಡನೆಯದಾಗಿ, ತಯಾರಿಕೆ ಮನೆಮನೆಯಲ್ಲಿರಲಿ, ಕೊಳ್ಳುವುದೂ ಮಾರುವುದೂ ಒಟ್ಟಾಗಿರಲಿ. ಮೂರನೆಯದಾಗಿ, ಲಾಭದಲ್ಲಿ ಒಂದು ಪಾಲನ್ನು ಹಂಚದೆ, ಈ ಕಸುಬು ಮುಗಿಯುವ ದಿನಕ್ಕಾಗಿ ಎತ್ತಿಡಬೇಕು. ಯಾವ ಕಸುಬೂ ಶಾಶ್ವತವಲ್ಲವೆಂಬುದಕ್ಕೆ ಗಿರಣಿಗಳೇ ಸಾಕ್ಷಿ. ನಾಲ್ಕನೆಯದಾಗಿ, ತಿಂಗಳಿಗೊಮ್ಮೆ ಲೆಕ್ಕವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಸಂಘವನ್ನು ನೋಂದಾಯಿಸುವುದಕ್ಕೆ 1959ರ ಸಹಕಾರ ಶಾಸನವುಂಟು. ಸರ್ಕಾರದ ಕೈ ಕಡಮೆಯಿರಲೆಂದು ಬಯಸುವವರಿಗೆ 1997ರ ಸೌಹಾರ್ದ ಸಹಕಾರಿ ಶಾಸನವುಂಟು. ಕಾನೂನಿನ ಕೊರತೆ ನಮಗಿಲ್ಲ.

ಗಿರಣಿಗಳು ಮತ್ತೆ ಬರುವುದಿಲ್ಲ. ಸಾವಿರಾರು ಜನರಿಗೆ ಒಂದೇ ಬಾಗಿಲಿನಿಂದ ಸಂಬಳ ಬರುತ್ತಿದ್ದ ಕಾಲವನ್ನು ಬಯಸುತ್ತ ಕುಳಿತರೆ ಫಲವಿಲ್ಲ. ಆ ಬಾಗಿಲು ಒಂದೇ ಆಗಿದ್ದುದರಿಂದಲೇ ಅದು ಮುಚ್ಚಿದಾಗ ಪೇಟೆಯೆಲ್ಲ ಕತ್ತಲಾಯಿತು. ನೂರು ಚಿಕ್ಕ ಬಾಗಿಲುಗಳಿದ್ದರೆ ಹತ್ತು ಮುಚ್ಚಿದರೂ ಬೀದಿ ಉಳಿಯುತ್ತದೆ. ನಮ್ಮ ವಠಾರದ ಆ ಹಿರಿಯರು ಈಗಿಲ್ಲ. ಎಳೆ ಕಡಿದದ್ದನ್ನು ಕಿವಿಯಿಂದಲೇ ತಿಳಿಯುವ ವಿದ್ಯೆ ಅವರೊಡನೆಯೇ ಹೋಯಿತು. ಆದರೆ ಇಂದಿಗೂ ಯಾವುದೋ ಗಲ್ಲಿಯಲ್ಲಿ ಒಬ್ಬ ನೇಕಾರನು, ಒಬ್ಬ ರಟ್ಟು ಕಟ್ಟುವವನು, ಒಬ್ಬ ಹೂವಿನಾಕೆ ತಮಗೆ ತಿಳಿದದ್ದನ್ನು ಕೇಳುವವರಿಗಾಗಿ ಕಾದಿದ್ದಾರೆ. ಈ ಭಾನುವಾರ ಬಿಡುವಿದ್ದರೆ ಅಲ್ಲಿಗೆ ಹೋಗಿ, ಕಚ್ಚಾ ಸಾಮಾನಿಗೆ ಎಷ್ಟು ಕೊಡುತ್ತೀರಿ, ಸಿದ್ಧವಾದದ್ದಕ್ಕೆ ಎಷ್ಟು ಸಿಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿ ನೋಡಬಹುದು. ಮುಂದಿನ ಮಹಾಸಭೆಗೆ ನಾನೂ ಹೋಗುತ್ತೇನೆ; ಈ ಸಲ ಲೆಕ್ಕಪತ್ರವನ್ನು ಓದಿಕೊಂಡೇ ಹೋಗುತ್ತೇನೆ.